ಮುಟ್ಟಬೇಡ ಅಂದರೆ ಮುಟ್ಟಬೇಡ

ಹೆಣ್ಣು ನೋಡುವ ಶಾಸ್ತ್ರಕ್ಕೆ ಅಂತ ನಾನು ಎಷ್ಟೋ ಮನೆಗಳಿಗೆ ಹೋಗಿದ್ದೇನೆ. ಆದರೆ ಹೆಣ್ಣೇ ಕುರ್ಚಿಯಲ್ಲಿ ಕೂತು, ಬಂದವರನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಬೇಕಾದ ಪ್ರಶ್ನೆ ಕೇಳಿ, ‘ಆಮೇಲೆ ತಿಳಿಸ್ತೀನಿ’ ಅಂತ ಕಳಿಸಿದ್ದನ್ನು ಕಂಡದ್ದು ಒಂದೇ ಸಲ.

ಕುರ್ಚಿ ಅಂದರೆ ವೀಲ್‌ಚೇರ್. ಕೂತವಳು ವಸುಧಾ. ಚೆನ್ನೈನ ವಡಪಳನಿಯ ನಮ್ಮ ಬಿಲ್ಡಿಂಗಿನ ನೆಲಮಹಡಿಯವಳು, ನಲವತ್ತಕ್ಕೆ ಹತ್ತಿರದವಳು. ಬಂದವರು ಗಂಡಿನ ಕಡೆಯವರಲ್ಲ. ಅವಳಿಗೆ ಸ್ನಾನ ಮಾಡಿಸಿ, ಸೀರೆ ಉಡಿಸಿ, ಹಾಸಿಗೆಯಿಂದ ಕುರ್ಚಿಗೆ ಎತ್ತಿ ಕೂರಿಸುವ ಕೆಲಸ ಕೇಳಿಕೊಂಡು ಬಂದ ಮೂವರು ಹೆಂಗಸರು.

ವಸುಧಾಗೆ ಹುಟ್ಟಿನಿಂದಲೇ ಸೆರೆಬ್ರಲ್ ಪಾಲ್ಸಿ. ಕೈಕಾಲು ಹೇಳಿದ ಮಾತು ಕೇಳುವುದಿಲ್ಲ. ಮಾತು ಎಳೆದು ಎಳೆದು ಬರುತ್ತದೆ. ಬುದ್ಧಿ ಮಾತ್ರ ಬ್ಲೇಡು. (ಹತ್ತನೇ ಕ್ಲಾಸಿನ ಮಕ್ಕಳಿಗೆ ಮನೆಯಲ್ಲೇ ಗಣಿತ ಪಾಠ ಹೇಳುತ್ತಿದ್ದಳು. ನನ್ನ ಮಗಳೂ ಹೋಗುತ್ತಿದ್ದಳು. ‘ಮೇಡಂ ಬೈದಿದ್ದು ಅರ್ಥ ಆಗೋಕೆ ಎರಡು ನಿಮಿಷ, ಉರಿಯೋದು ಎರಡು ದಿನ’ ಅನ್ನುತ್ತಿದ್ದಳು. ತಮಿಳಿನಲ್ಲಿ, ಎಂದಿನಂತೆ.)

ಅಷ್ಟು ವರ್ಷ ಅವಳನ್ನು ಎತ್ತಿ ಇಳಿಸಿದ್ದು ತಾಯಿ ಪದ್ಮಾವತಮ್ಮ. ತಲೆಮಾರುಗಳಿಂದ ಮದರಾಸಿನಲ್ಲೇ ಇರುವ ಮಾಧ್ವರ ಮನೆ. ಕಟ್ಟುನಿಟ್ಟಿನ ಮಡಿ. ನಾನು ಮೈಸೂರು ಕಡೆಯ ಒಕ್ಕಲಿಗರವಳು. ಆ ಮನೆಯ ಕಾಫಿ ಲೆಕ್ಕವಿಲ್ಲದಷ್ಟು ಕುಡಿದಿದ್ದೇನೆ, ಅಡುಗೆಮನೆಯ ಹೊಸ್ತಿಲು ದಾಟಿಲ್ಲ. ಬೇಜಾರೇನೂ ಇರಲಿಲ್ಲ. ಕಾಫಿ ಹಾಗಿರುತ್ತಿತ್ತು.

ಎಪ್ಪತ್ತು ದಾಟಿದ ಮೇಲೆ ಪದ್ಮಾವತಮ್ಮನ ಸೊಂಟ ಹಿಡಿದುಕೊಂಡಿತು. ಮಗಳನ್ನು ಎತ್ತಲು ಆಗಲಿಲ್ಲ. ವಸುಧಾಳ ಅಣ್ಣ ಶ್ರೀನಿವಾಸ, ಎಲ್ಲರಿಗೂ ಸೀನು, ಅಣ್ಣಾನಗರದಲ್ಲಿರುವ ಆಡಿಟರ್. ಒಳ್ಳೆಯವನು. ತಾಂಬರಂ ಆಚೆ ಒಂದು ಹೋಮ್ ನೋಡಿಕೊಂಡು ಬಂದ. ಕ್ಲೀನಾಗಿದೆ, ಗಾರ್ಡನ್ ಇದೆ, ಡಾಕ್ಟರು ಬರುತ್ತಾರೆ ಅಂದ.

ವಸುಧಾ ಕೇಳಿದ್ದು ಒಂದೇ ಪ್ರಶ್ನೆ. ‘ನನಗೆ ಸ್ನಾನ ಮಾಡಿಸೋರು ಯಾರು ಅಂತ ನಾನು ಹೇಳಬಹುದಾ?’

‘ಅದೆಲ್ಲ ಅವರೇ ನೋಡ್ಕೋತಾರಮ್ಮ.’

ಅವರೇ ನೋಡ್ಕೋತಾರೆ. ಎಷ್ಟು ಸಮಾಧಾನದ ಮಾತು, ಅಲ್ಲವೇ? ನೋಡಿಕೊಳ್ಳಲ್ಪಡುವವರ ಕಿವಿಗೆ ಅದು ಹೇಗೆ ಬೀಳುತ್ತದೆ ಅಂತ ನಾನು ಅಲ್ಲಿಯವರೆಗೆ ಯೋಚಿಸಿದವಳಲ್ಲ. ಹೋಟೆಲಿನಲ್ಲಿ ಸಪ್ಲೈಯರ್ ವಸುಧಾಳನ್ನು ತೋರಿಸಿ ‘ಇವರಿಗೆ ಸಕ್ಕರೆ ಹಾಕಬಹುದಾ?’ ಅಂತ ನನ್ನನ್ನು ಕೇಳಿದ್ದುಂಟು. ನಾನು ‘ಹಾಕಿ’ ಅಂದದ್ದೂ ಉಂಟು.

ಆ ಹೊತ್ತಿಗೆ ವಸುಧಾಗೆ ಒಂದು ಗುಂಪಿನ ಪರಿಚಯವಾಗಿತ್ತು. ತಿಂಗಳಿಗೊಂದು ಭಾನುವಾರ ಒಂದು ಶಾಲೆಯ ಹಾಲಿನಲ್ಲಿ ಸೇರುವ ಅಂಗವಿಕಲರು, ಅವರ ಮನೆಯವರು. ನಡೆಸುವ ಹೆಂಗಸು ಪೋಲಿಯೋ ಆದವರು. ಸ್ಕೂಟರಿನ ಪಕ್ಕಕ್ಕೆ ಎರಡು ಚಕ್ರ ಹಾಕಿಸಿಕೊಂಡು ಇಡೀ ಚೆನ್ನೈ ಸುತ್ತುತ್ತಾರೆ. ಅವರು ಹೇಳುವುದು ಇಷ್ಟೇ. ನಿಮ್ಮ ಸಹಾಯಕ್ಕೆ ಬರುವವರನ್ನು ನೀವೇ ಆರಿಸಿ. ಏನು ಮಾಡಬೇಕು, ಹೇಗೆ ಮಾಡಬೇಕು, ನೀವೇ ಹೇಳಿ. ಸಂಬಳ ನಿಮ್ಮ ಕೈಯಿಂದ ಕೊಡಿ. ಸರಿಹೋಗದಿದ್ದರೆ ನೀವೇ ಕಳಿಸಿ.

(ಇದರಲ್ಲಿ ಹೊಸದೇನಿದೆ? ನಮ್ಮ ಮನೆಕೆಲಸದವರ ವಿಷಯದಲ್ಲಿ ನಾವೆಲ್ಲ ಮಾಡುವುದು ಇದನ್ನೇ. ಅದೇ ಮಾತು. ಅಂಗವಿಕಲರಿಗೆ ಮಾತ್ರ ಇದು ಹೊಸದು.)

‘ಒಂದು ವರ್ಷ ನೋಡೋಣ’ ಅಂದ ಸೀನು. ‘ಸರಿಹೋಗಲಿಲ್ಲ ಅಂದ್ರೆ ಹೋಮ್. ಆಗ ಹಟ ಮಾಡಬಾರದು.’ ಹಾಗೆ ನಡೆಯಿತು ಆ ಭಾನುವಾರದ ಶಾಸ್ತ್ರ.

ಮನೆಗೆ ಜನ ಬರುತ್ತಾರೆ ಅಂದರೆ ಪದ್ಮಾವತಮ್ಮನಿಗೆ ಸುಮ್ಮನಿರಲು ಬಾರದು. ಬಜ್ಜಿ, ಕೇಸರಿಬಾತು ಮಾಡಿಟ್ಟಿದ್ದರು. ತಮಿಳುನಾಡಿನಲ್ಲಿ ‘ಬಜ್ಜಿ ಸೊಜ್ಜಿ’ ಅಂದರೆ ಹೆಣ್ಣು ನೋಡುವುದು ಅಂತಲೇ ಅರ್ಥ. ತಟ್ಟೆ ನೋಡಿ ನಾನು ನಕ್ಕೆ. ವಸುಧಾನೂ ನಕ್ಕಳು. ಪದ್ಮಾವತಮ್ಮ ನಗಲಿಲ್ಲ. ಮಗಳಿಗೋಸ್ಕರ ಆ ತಟ್ಟೆ ಜೋಡಿಸುವ ದಿನ ಅವರಿಗೆ ಬಂದಿರಲೇ ಇಲ್ಲವಲ್ಲ. (ಹೀಗಂತ ಆಗಲೇ ಹೊಳೆಯಿತೋ, ಈಗ ಬರೆಯುವಾಗ ಹೊಳೆಯಿತೋ, ಹೇಳಲಾರೆ. ನೆನಪಿಗೆ ತಾನೇ ಒಗ್ಗರಣೆ ಹಾಕಿಕೊಳ್ಳುವ ಚಾಳಿ ಇದೆ.)

ಮೊದಲು ಬಂದವರು ‘ನಮ್ಮವರು’. ಪದ್ಮಾವತಮ್ಮನ ಆಯ್ಕೆ. ವಸುಧಾಳ ಕೆನ್ನೆ ಸವರಿ ‘ಪಾಪ, ಮಗು’ ಅಂದರು. ಮಗುವಿನ ತಲೆಯಲ್ಲಿ ಆಗಲೇ ನರೆಗೂದಲಿತ್ತು.

ಎರಡನೆಯವಳು ಏಜೆನ್ಸಿಯಿಂದ. ‘ಪೇಷೆಂಟ್ ಎಷ್ಟು ಕೆ.ಜಿ.?’ ಅಂತ ತಾಯಿಯನ್ನು ಕೇಳಿದಳು. ಪೇಷೆಂಟೇ ಉತ್ತರ ಕೊಟ್ಟಿತು. ‘ಊಟಕ್ಕೆ ಮುಂಚೆಯಾ, ಆಮೇಲೆಯಾ?’

ಮೂರನೆಯವಳು ಸೆಲ್ವಿ. ಲೇಟು. ಇಲ್ಲಿನ ಸಿನಿಮಾ ಸ್ಟುಡಿಯೋಗಳಲ್ಲಿ ಗುಂಪಿನ ನಟಿಯರಿಗೆ ಸೀರೆ ಉಡಿಸುವ ಕೆಲಸ ಮಾಡುತ್ತಿದ್ದವಳು. ಈಚೆಗೆ ಯಾರೂ ಕರೆಯುತ್ತಿರಲಿಲ್ಲ. ಬಜ್ಜಿ ತಿಂದು, ತಮಿಳಿನಲ್ಲಿ, ‘ಉಪ್ಪು ಕಮ್ಮಿ’ ಅಂದಳು. ವಸುಧಾಳ ಸೀರೆ ನೋಡಿ, ‘ಯಾರಕ್ಕಾ ಉಡಿಸಿದ್ದು? ಮೂಟೆ ಕಟ್ಟಿದ ಹಾಗಿದೆಯಲ್ಲ’ ಅಂದಳು. ಉಡಿಸಿದವರು ತಟ್ಟೆ ಹಿಡಿದು ಅಲ್ಲೇ ನಿಂತಿದ್ದರು.

‘ಇವಳೇ’ ಅಂದಳು ವಸುಧಾ, ಎಲ್ಲರೂ ಹೋದ ಮೇಲೆ.

‘ಅವಳಾ? ಆ ಬಾಯಿ ನೋಡಿದ್ಯಾ?’

‘ಅದಕ್ಕೇ ಅಮ್ಮ. ಹುಟ್ಟಿದಾಗಿಂದ ನನ್ನ ಹತ್ರ ಯಾರೂ ಜಗಳ ಆಡಿಲ್ಲ. ಎಲ್ಲರೂ ಪಾಪ ಅಂತಾರೆ. ಇವಳು ಆಡ್ತಾಳೆ.’

ಪದ್ಮಾವತಮ್ಮ ಒಂದು ಷರತ್ತು ಹಾಕಿದರು. ‘ನಿನ್ನ ಮೈ ನಿಂದು, ಏನಾದ್ರೂ ಮಾಡ್ಕೋ. ನನ್ನ ಮಡಿ ನಂದು. ಅವಳು ನನ್ನ ಮುಟ್ಟಕೂಡದು. ಅಷ್ಟೇ ತಾನೆ ನಾ ಕೇಳೋದು?’

‘ಸರಿ. ಅದು ನಿನ್ನ ಇಷ್ಟ’ ಅಂದಳು ವಸುಧಾ.

ಹೀಗಾಗಿ ಆ ಮನೆಯಲ್ಲಿ ಸೆಲ್ವಿ ಕಲಿತ ಮೊದಲ ಕನ್ನಡ ಮಾತು ‘ಮುಟ್ಟಬೇಡ’. ಕಲಿತದ್ದೂ ತಪ್ಪಾಗಿ. ತಮಿಳಿನಲ್ಲಿ ‘ಮುಟ್ಟು’ ಅಂದರೆ ಗುದ್ದು, ಡಿಕ್ಕಿ ಹೊಡೆ. ಪದ್ಮಾವತಮ್ಮ ಮಡಿಯಲ್ಲಿ ಓಡಾಡುತ್ತಾ ‘ಮುಟ್ಟಬೇಡ, ಮುಟ್ಟಬೇಡ’ ಅಂದಾಗಲೆಲ್ಲ, ವೀಲ್‌ಚೇರನ್ನು ಗೋಡೆಗೆ ಗುದ್ದಬೇಡ ಅನ್ನುತ್ತಿದ್ದಾರೆ ಅಂದುಕೊಂಡಳು. ವಾರಗಟ್ಟಲೆ ಕುರ್ಚಿಯನ್ನು ದೇವರ ಪಲ್ಲಕ್ಕಿಯ ಹಾಗೆ ತಳ್ಳಿದಳು. ‘ಈ ಮನೆ ಗೋಡೆಗೆ ಅಷ್ಟೊಂದು ಬೆಲೆಯಾ ಅಕ್ಕಾ?’ ಅಂತ ಒಂದು ದಿನ ಕೇಳಿಯೇಬಿಟ್ಟಳಂತೆ. ನಿಜವಾದ ಅರ್ಥ ಹೇಳಿದ್ದು ವಸುಧಾ. ಅದಕ್ಕೆ ಸೆಲ್ವಿ, ‘ಗೋಡೆ ಅಂದ್ಕೊಂಡಿದ್ದೇ ಚೆನ್ನಾಗಿತ್ತು’ ಅಂದಳಂತೆ.

ಸೆಲ್ವಿಯನ್ನು ಹೊಗಳಿ ಬರೆಯುವ ಆಸೆ ನನಗಿಲ್ಲ. ಲೇಟಾಗಿ ಬರುತ್ತಿದ್ದಳು. ಕೇಳಿದರೆ ಸುಳ್ಳು ಹೇಳುತ್ತಿದ್ದಳು. ಒಂದು ಕೈಯಲ್ಲಿ ಮೊಬೈಲು, ಇನ್ನೊಂದರಲ್ಲಿ ಕುರ್ಚಿ. ಒಂದು ಸಂಜೆ ಇಬ್ಬರೂ ಮನೆಯಲ್ಲಿ ಹೇಳದೆ ಶೂಟಿಂಗ್ ನೋಡಲು ಹೋದರು. ಅಲ್ಲಿ ಯಾರೋ ಕುರ್ಚಿಯನ್ನು ಮೂಲೆಗೆ ಸರಿಸಿ ಅಂದನಂತೆ. ಸೆಲ್ವಿ ರಂಪ ಮಾಡಿದಳಂತೆ. ಮರುದಿನ ವಸುಧಾ ನನ್ನನ್ನು ಕರೆದು ಹೇಳಿದಳು. ‘ಇವತ್ತು ಒಬ್ಬರನ್ನ ಕೆಲಸದಿಂದ ತೆಗೆದುಹಾಕಿದೆ ಕಣ್ರೀ!’ ಪ್ರೈಜು ಬಂದವರ ಮುಖ.

‘ನಿಮಗೋಸ್ಕರ ತಾನೇ ಜಗಳ ಆಡಿದ್ದು ಅವಳು?’

‘ಅದೇ ತಪ್ಪು. ನನ್ನ ಜಗಳ ನಾನು ಆಡ್ತಿದ್ದೆ. ಕೊಂಚ ಕಾಯಬೇಕಾಗಿತ್ತು, ಅಷ್ಟೇ.’

ಮಾರನೆಯ ಬೆಳಿಗ್ಗೆ ಸೆಲ್ವಿ ಎಂದಿನಂತೆ ಲೇಟಾಗಿ ಕೆಲಸಕ್ಕೆ ಬಂದಳು.

ಬೇಕಾದ ಸೀರೆ, ಬೇಕಾದ ಹೊತ್ತಿಗೆ ನಿದ್ದೆ. ಸ್ನಾನದ ನೀರು ಎಷ್ಟು ಬಿಸಿ ಇರಬೇಕು ಅಂತ ತಾನೇ ಹೇಳುವುದು. ಇಷ್ಟು ಸಣ್ಣ ಸುಖಕ್ಕೆ ಅರ್ಧ ಆಯಸ್ಸು ಕಾಯಬೇಕಾಯಿತು ಅನ್ನುತ್ತಿದ್ದಳು ವಸುಧಾ. ಅಮ್ಮನ ಪ್ರೀತಿ ಯಾವಾಗಲೂ ಸ್ವಲ್ಪ ಜಾಸ್ತಿ ಬಿಸಿಯಂತೆ.

ಮತ್ತೆ ಆ ಅಮ್ಮ? ಮಗಳ ಕೋಣೆಯ ಬಾಗಿಲು ಮುಚ್ಚಿದಾಗ ಹಾಲಿನಲ್ಲಿ ಬತ್ತಿ ಹೊಸೆಯುತ್ತಾ ಕೂತಿರುತ್ತಿದ್ದರು. ‘ಒಳಗೆ ಇಬ್ಬರೂ ನಗ್ತಿದಾರೆ ನೋಡಿ’ ಅಂದರು ಒಮ್ಮೆ. ಅದರಲ್ಲಿ ದೂರು ಇರಲಿಲ್ಲ. ‘ನನ್ನ ಕೈಯಲ್ಲಿ ಸ್ನಾನ ಮಾಡುವಾಗ ಅವಳು ಯಾವತ್ತೂ ನಕ್ಕಿಲ್ಲ.’

ನಾನು ಕಾಫಿ ಚೆನ್ನಾಗಿದೆ ಅಂದೆ.

ವರ್ಷ ಕಳೆಯಿತು. ಸೀನು ಹೋಮಿನ ಮಾತೆತ್ತಲಿಲ್ಲ.

ಈ ಸಲದ ಪೊಂಗಲ್ ಹಿಂದಿನ ದಿನ. ನಾವು ಸಂಕ್ರಾಂತಿಗೆ ಮೈಸೂರಿಗೆ ಹೋಗಿದ್ದೆವು. ಹಾಗಾಗಿ ಇನ್ನು ಮುಂದಿನದು ನಾನು ಕಂಡದ್ದಲ್ಲ, ವಸುಧಾ, ಸೆಲ್ವಿ, ಸೀನು, ಈ ಮೂವರಿಂದ ಕೇಳಿದ್ದು. ಮೂವರೂ ಹೇಳುವುದು ಒಂದೊಂದು ಥರ. ಹೊಂದದ ಕಡೆ ಹೊಂದುವುದಿಲ್ಲ ಅಂತಲೇ ಬರೆಯುತ್ತೇನೆ.

ಪದ್ಮಾವತಮ್ಮ ಸ್ನಾನ ಮುಗಿಸಿ, ಮಡಿ ಉಟ್ಟು, ಬಚ್ಚಲಿನಿಂದ ಹೊರಬರುವಾಗ ಜಾರಿ ಬಿದ್ದರು. ಮನೆಯಲ್ಲಿದ್ದವರು ವಸುಧಾ ಮತ್ತು ಸೆಲ್ವಿ. ಸೆಲ್ವಿ ಓಡಿಹೋಗಿ ಬಗ್ಗಿ ಕೈ ಚಾಚಿದಳು.

‘ಮುಟ್ಟಬೇಡ.’

ಈ ಸಲ ಅರ್ಥ ತಪ್ಪಲಿಲ್ಲ. ಚಾಚಿದ ಕೈ ಹಾಗೇ ನಿಂತಿತು. ‘ಅಕ್ಕಾ, ತೂಕ್ಕಟ್ಟುಮಾ?’ ಅಂತ ಕೂಗಿದಳು. ಎತ್ತಲಾ ಅಂತ.

ವಸುಧಾಳ ಕುರ್ಚಿ ಬಚ್ಚಲಿನ ಬಾಗಿಲಲ್ಲಿ ತೂರುವುದಿಲ್ಲ. ಹೊರಗಿನಿಂದಲೇ ಕೇಳಿದಳು. ‘ಅಮ್ಮಾ, ಸೆಲ್ವಿ ಎತ್ತಲಾ?’

‘ಬೇಡ. ಸೀನು ಬರಲಿ.’

‘ನೋವಿದೆಯಾ?’

‘ಇದೆ. ಸೀನು ಬರಲಿ.’

ನೀವಾಗಿದ್ದರೆ ಏನು ಮಾಡುತ್ತಿದ್ದಿರಿ? ನಾನಾಗಿದ್ದರೆ ಎತ್ತಿಸಿಬಿಡುತ್ತಿದ್ದೆ. ವಯಸ್ಸಾದವರು, ನೋವಿನಲ್ಲಿದ್ದಾರೆ, ಅವರ ಒಳ್ಳೆಯದಕ್ಕೇ ತಾನೇ, ಅವರನ್ನೇನು ಕೇಳುವುದು? ಬರೆದು ಓದಿದರೆ ಈ ಮಾತು ಎಲ್ಲೋ ಕೇಳಿದ ಹಾಗಿದೆ. ವಸುಧಾಳ ಬಗ್ಗೆ ಎಲ್ಲರೂ ಹೇಳುತ್ತಾ ಬಂದದ್ದು ಇದನ್ನೇ. ಅವಳು ಒಂದು ಮಾತು ಹೇಳಿದ್ದರೆ ಸೆಲ್ವಿ ಎತ್ತುತ್ತಿದ್ದಳು. ಹೇಳಲಿಲ್ಲ.

ಸೆಲ್ವಿ ಸೀನುಗೆ ಫೋನ್ ಮಾಡಿ ವಸುಧಾಳ ಬಾಯಿಗೆ ಹಿಡಿದಳು. ಗಾಬರಿಯಲ್ಲಿ ಅವಳ ಮಾತು ಇನ್ನೂ ಎಳೆಯಿತು. ಅಣ್ಣನಿಗೆ ತಿಳಿಯಲಿಲ್ಲ. ಕೊನೆಗೆ ಸೆಲ್ವಿಯೇ ಹೇಳಿದಳು. ‘ಎತ್ತಿ ಮಲಗಿಸಿ, ಆಂಬುಲೆನ್ಸ್ ನಾನೇ ತರ್ತೀನಿ ಅಂದೆ’ ಅನ್ನುತ್ತಾನೆ ಸೀನು. ‘ನಾನು ಬರೋವರೆಗೆ ಅಮ್ಮನ ಮನಸ್ಸು ನೋಯಿಸಬೇಡಿ ಅಂದ್ರು’ ಅನ್ನುತ್ತಾಳೆ ಸೆಲ್ವಿ. ಇಬ್ಬರೂ ಸುಳ್ಳು ಹೇಳುತ್ತಿಲ್ಲ ಅಂತ ನನ್ನ ನಂಬಿಕೆ. ಎರಡನ್ನೂ ಹೇಳಿರಬಹುದು. ಗಾಬರಿಯಲ್ಲಿ ನಾವು ಮಾತಾಡುವುದೇ ಹಾಗಲ್ಲವೇ?

ಅಣ್ಣಾನಗರದಿಂದ ವಡಪಳನಿಗೆ ಬರುವವರು ಕೋಯಂಬೇಡು ಮಾರ್ಕೆಟ್ಟು, ಬಸ್ ಸ್ಟ್ಯಾಂಡು ದಾಟಬೇಕು. ಪೊಂಗಲ್ ಹಿಂದಿನ ದಿನ ಕೋಯಂಬೇಡು! ಕಬ್ಬಿನ ಲಾರಿಗಳು, ಅರಿಶಿನದ ಗಿಡದ ಕಟ್ಟುಗಳು, ಊರಿಗೆ ಹೊರಟವರ ಬಸ್ಸುಗಳು. ಎಷ್ಟು ಹೊತ್ತಾಯಿತು? ಅರ್ಧ ಗಂಟೆ ಅನ್ನುತ್ತಾನೆ ಸೀನು. ಎರಡು ಸೀರಿಯಲ್ ಮುಗಿಯುವಷ್ಟು ಅನ್ನುತ್ತಾಳೆ ಸೆಲ್ವಿ. ವಸುಧಾ ಹೇಳುವುದಿಲ್ಲ.

ಒದ್ದೆ ನೆಲ. ಪದ್ಮಾವತಮ್ಮ ನಡುಗತೊಡಗಿದರು. ಹೊದಿಕೆ ತಂದರೆ ಅದೂ ಸೆಲ್ವಿ ಮುಟ್ಟಿದ ಬಟ್ಟೆ, ಮೈಲಿಗೆ. ವಸುಧಾಗೆ ಧಾಬಳಿ ನೆನಪಾಯಿತು. ಮಡಿಗೆ ಉಡುವ ಉಣ್ಣೆಯ ವಸ್ತ್ರ. ಉಣ್ಣೆಗೆ ಮೈಲಿಗೆ ತಟ್ಟುವುದಿಲ್ಲ ಅಂತ ಅವರ ಲೆಕ್ಕ. ಮಡಿಬಟ್ಟೆ ಒಣಹಾಕುವ ಉದ್ದನೆಯ ಕೋಲಿನಿಂದ ಸೆಲ್ವಿ ಅದನ್ನು ಎತ್ತಿ, ಕೋಲಿನ ತುದಿಯಿಂದಲೇ ಅವರ ಮೈಮೇಲೆ ಇಳಿಸಿದಳು. ಹೊರಗಿನಿಂದ ವಸುಧಾ ‘ಎಡಕ್ಕೆ, ಇನ್ನೂ ಎಡಕ್ಕೆ’ ಅನ್ನುತ್ತಿದ್ದಳು.

ಹೊದಿಸಿ ಆದ ಮೇಲೆ ಕೋಲನ್ನು ಹಿಂದಕ್ಕೆಳೆದರೆ ಬರಲಿಲ್ಲ. ಪದ್ಮಾವತಮ್ಮ ಅದರ ತುದಿ ಹಿಡಿದುಕೊಂಡಿದ್ದರು.

ಅವರು ಬಿಡಲಿಲ್ಲ. ಸೆಲ್ವಿಯೂ ಬಿಡಲಿಲ್ಲ. ಹೊಸ್ತಿಲ ಈಚೆ ನೆಲದ ಮೇಲೆ ಕೂತು ತನ್ನ ತುದಿ ಹಿಡಿದುಕೊಂಡಳು. ಸೀನು ಬರುವವರೆಗೂ ಹಾಗೇ. ಮರದ ಕೋಲಿಗೆ ಮೈಲಿಗೆ ಉಂಟೋ ಇಲ್ಲವೋ, ಅವತ್ತು ಯಾರೂ ಕೇಳಲಿಲ್ಲ.

ಮೂವರ ಮಾತೂ ಹೊಂದುವುದು ಈ ಒಂದು ಕಡೆ ಮಾತ್ರ.

ತೊಡೆಯ ಮೂಳೆ ಮುರಿದಿತ್ತು. ಆಪರೇಷನ್ ಆಯಿತು. ಆಮೇಲೆ ಎದೆಯಲ್ಲಿ ಕಫ ಕಟ್ಟಿತು. ತಿಂಗಳು ತುಂಬುವ ಮೊದಲೇ ಪದ್ಮಾವತಮ್ಮ ಹೋದರು. ‘ಬಿದ್ದವರನ್ನ ಎಳೆದಾಡದೆ ಇದ್ದಿದ್ದು ಒಳ್ಳೆಯದೇ ಆಯ್ತು’ ಅಂದರಂತೆ ಒಬ್ಬ ಡಾಕ್ಟರು. ‘ಅಷ್ಟು ಹೊತ್ತು ಒದ್ದೆ ನೆಲದ ಮೇಲೆ ಬಿಟ್ಟಿದ್ರಾ?’ ಅಂದರಂತೆ ಇನ್ನೊಬ್ಬರು. ಬಂಧುಗಳಿಗೆ ಎರಡನೆಯದು ಮಾತ್ರ ನೆನಪಿದೆ.

ಹದಿಮೂರನೆಯ ದಿನ ಊಟವಾದ ಮೇಲೆ ಹಾಲಿನಲ್ಲಿ ಮಾತು ಶುರುವಾಯಿತು. ನಾನೂ ಒಂದು ಮೂಲೆಯಲ್ಲಿದ್ದೆ.

‘ಕೋಲು ಹಿಡ್ಕೊಂಡು ನೋಡ್ತಾ ಕೂತಿದ್ಲಂತೆ ಆ ಹೆಂಗಸು! ಕಲ್ಲು ಮನಸ್ಸು’ ಅಂದರು ಸೋದರಮಾವ. ‘ಮನುಷ್ಯತ್ವ ಬೇಡ್ವಾ?’ (ಸೆಲ್ವಿ ಎತ್ತಿದ್ದರೆ ಇದೇ ಮಾವ ಏನನ್ನುತ್ತಿದ್ದರು? ಬೇಡ. ಊಹೆಯ ಮೇಲೆ ಯಾರನ್ನೂ ಆಡಿಕೊಳ್ಳಬಾರದು.)

‘ವಸು ಮೇಲೆ ಬ್ಲೇಮ್ ಇಲ್ಲ’ ಅಂದ ಸೀನು. ‘ಎಮರ್ಜೆನ್ಸೀಲಿ ಡಿಸೈಡ್ ಮಾಡೋಕೆ ಅವಳಿಗೆ ಆಗಲ್ಲ. ಅಷ್ಟೇ. ಅದಕ್ಕೇ ಒಬ್ಬಳೇ ಇರೋದು ಬೇಡ ಅಂತೀನಿ.’ ಅವನ ಕಣ್ಣು ಕೆಂಪಾಗಿತ್ತು. ಅಮ್ಮನನ್ನು ಕಳೆದುಕೊಂಡವನು. ತಂಗಿಯನ್ನೂ ಹೀಗೇ ಕಳೆದುಕೊಂಡರೆ ಅನ್ನುವ ಭಯ ಅವನದು. ಇದನ್ನು ಬರೆಯದಿದ್ದರೆ ಅವನಿಗೆ ಅನ್ಯಾಯ.

ವಸುಧಾ ಬಾಯಿ ತೆರೆದಳು. ನಾಲ್ಕು ಜನ ಮಾತಾಡುವ ಕಡೆ ಅವಳ ಮಾತಿಗೆ ಜಾಗ ಸಿಗುವುದಿಲ್ಲ. ಅವಳು ಮೊದಲ ಅಕ್ಷರ ಮುಗಿಸುವಷ್ಟರಲ್ಲಿ ಬೇರೆಯವರು ವಿಷಯವನ್ನೇ ಮುಗಿಸಿರುತ್ತಾರೆ. ಅವತ್ತು ಹೇಗೋ ಎಲ್ಲರೂ ಸುಮ್ಮನಾದರು.

‘ಡಿಸೈಡ್ ಮಾಡಿದೆ ಸೀನಣ್ಣ. ಅಮ್ಮ ಬೇಡ ಅಂದ್ಲು. ಅವಳ ಮಾತು ಕೇಳಬೇಕು ಅಂತ ಡಿಸೈಡ್ ಮಾಡಿದೆ.’

ಉಸಿರು ತೆಗೆದುಕೊಂಡಳು.

‘ಆಸ್ಪತ್ರೇಲಿ ದಿನಾ ಹತ್ತು ಜನ ಅಮ್ಮನ್ನ ಮುಟ್ಟಿದ್ರು. ಬಟ್ಟೆ ಬಿಚ್ಚಿದ್ರು, ಒರೆಸಿದ್ರು, ಹೊರಳಿಸಿದ್ರು. ಅಮ್ಮ ಕಣ್ಣು ಮುಚ್ಕೊಂಡೇ ಇದ್ಲು. ಒಬ್ಬರಾದ್ರೂ ಕೇಳಿದ್ರಾ? ನಮ್ಮನೇಲಿ ಒಬ್ಬಳು ಕೇಳಿದ್ಲು.’

ಯಾರೋ ‘ಪಾಪ’ ಅಂದರು. ಅಲ್ಲಿಗೆ ಮಾತು ಮುಗಿಯಿತು.

ಸೆಲ್ವಿಯನ್ನು ಸೀನು ಕಳಿಸಿದ. ಕಳಿಸುವ ಹಕ್ಕು ವಸುಧಾಳದು ಅನ್ನುವುದು ಯಾರಿಗೂ ನೆನಪಾಗಲಿಲ್ಲ. ಸ್ಕೂಟರಿನ ಹೆಂಗಸು ಬಂದು ಅವನ ಹತ್ತಿರ ಬಹಳ ಹೊತ್ತು ಮಾತಾಡಿದರು. ಅವನು ಕಾಫಿ ಕೊಟ್ಟು, ಎಲ್ಲವನ್ನೂ ಕೇಳಿ, ‘ರಿಸ್ಕ್ ತಗೊಳ್ಳೋಕೆ ನನಗೆ ಧೈರ್ಯ ಇಲ್ಲ ಮೇಡಂ’ ಅಂದ. ‘ರಿಸ್ಕ್ ಅವರದಲ್ಲವೇ?’ ಅಂದರು ಅವರು.

ವಸುಧಾ ಹೋಮಿಗೆ ಹೊರಡುವ ಹಿಂದಿನ ದಿನ ಅವಳ ಹತ್ತಿರ ಕೂತಿದ್ದೆ. ಬಂಧುಗಳ ಮುಂದೆ ಅಷ್ಟು ಗಟ್ಟಿಯಾಗಿ ಮಾತಾಡಿದವಳು ಆಗ ಬೇರೆಯೇ ಆಗಿದ್ದಳು.

‘ನಾನು ಎತ್ತಿಸಬೇಕಾಗಿತ್ತಾ? ನಿಜ ಹೇಳಿ.’

‘ಗೊತ್ತಿಲ್ಲ ವಸುಧಾ’ ಅಂದೆ. ನಿಜವೂ ಅದೇ.

‘ಅಮ್ಮ ಆ ಕೋಲು ಹಿಡ್ಕೊಂಡಿದ್ದು ಎತ್ತು ಅಂತಲಾ? ಇಲ್ಲ, ಹಾಗೇ ಇರು ಅಂತಲಾ?’ ಆಮೇಲೆ ತಾನೇ ಅಂದಳು, ‘ಕೇಳಬೇಕಾಗಿತ್ತು. ಅದೊಂದು ಕೇಳಲಿಲ್ಲ ನಾನು.’

ಹೋದ ಭಾನುವಾರ ಹೋಮಿನ ವ್ಯಾನು ಬಂತು. ವಸುಧಾ ಅಳಲಿಲ್ಲ, ಕೂಗಲಿಲ್ಲ. ಸೀನು ಒಂದು ಕಡೆ, ಡ್ರೈವರ್ ಒಂದು ಕಡೆ ಬಗ್ಗಿ ತೋಳಿನಡಿ ಕೈ ಹಾಕಿದಾಗ ‘ಬೇಡ’ ಅಂದಳು. ಸ್ಪಷ್ಟವಾಗಿ. ಡ್ರೈವರಿಗೆ ಕನ್ನಡ ತಿಳಿಯದು ಅಂತ ಅವನ ಕಡೆ ತಿರುಗಿ ತಮಿಳಿನಲ್ಲೂ ಹೇಳಿದಳು. ‘ವೇಣಾಂ.’ ಅವನು ಕೈ ತೆಗೆದು ಸೀನುವಿನ ಮುಖ ನೋಡಿದ. ‘ಪರವಾಯಿಲ್ಲೆ, ತೂಕ್ಕು’ ಅಂದ ಸೀನು. ಪರವಾಗಿಲ್ಲ, ಎತ್ತು. ಎತ್ತಿದರು. ಖಾಲಿಯಾದ ವೀಲ್‌ಚೇರನ್ನು ಮಡಚಿ ವ್ಯಾನಿಗೆ ಹಾಕಿದವಳು ನಾನು.

ಬೇಡ ಅಂದಾಗ ಕೈ ಹಿಂದಕ್ಕೆ ತೆಗೆದವಳು ಕಲ್ಲು ಮನಸ್ಸಿನವಳಾದರೆ, ಬೇಡ ಅಂದರೂ ಎತ್ತಿ ಕಳಿಸಿದ ನಾವು ಯಾರು?